ಆಯ್ತಪ್ಪ ತೀರಿಸಿದ ಮುಯ್ಯಿ

ಮಳೆಗಾಲ ಇನ್ನೇನು ಮುಗಿಯಿತು ಅನ್ನುವ ದಿನಗಳು. ಕೋಳಿ ಕೂಗಿತ್ತು, ಬೆಳಕು ಹರಿದಿರಲಿಲ್ಲ. ಅಂಥ ಹೊತ್ತಿನಲ್ಲಿ ಇದು ಶುರುವಾಯಿತು. ವಾರ ಮಂಗಳವಾರ. ಹಿಂದಿನ ರಾತ್ರಿ ಬಿದ್ದ ಮಳೆ ಜೋರಿನದೂ ಅಲ್ಲ, ಬರೀ ಹನಿಯೂ ಅಲ್ಲ. ಕಡಲೆಕಾಯಿ ಗಿಡದ ಬುಡದ ಮಣ್ಣು ಎಷ್ಟು ನೆನೆಯಬೇಕೋ ಅಷ್ಟು ನೆನೆಸಿ, ಕೆಲಸ ಮುಗಿಸಿದ ಆಳಿನ ಹಾಗೆ ಎದ್ದು ಹೋಗಿತ್ತು.

ಕಡಲೆಕಾಯಿ ಬೆಳೆದವರಿಗೆ ಹದ ಅಂದರೆ ಏನೆಂದು ಹೇಳಬೇಕಾಗಿಲ್ಲ. ನೆಲ ಒಣಗಿ ಬಿಗಿದಿದ್ದರೆ ಎಳೆದಾಗ ಸೊಪ್ಪು ಕೈಗೆ ಬರುತ್ತದೆ, ಕಾಯಿ ಮಣ್ಣಲ್ಲೇ ಕೂತು ನಗುತ್ತದೆ. ನೆಲ ಕೆಸರಾದರೆ ಕಾಯಿ ಅಲ್ಲೇ ಮೊಳಕೆ ಒಡೆಯುತ್ತದೆ. ಇವೆರಡರ ನಡುವಿನ ಹದ ಒಂದು ಹಗಲು ನಿಂತರೆ ಪುಣ್ಯ. ಆ ಒಂದು ಹಗಲು ಬಂದಿತ್ತು, ಮತ್ತು ಇಡೀ ಊರಿಗೆ ಒಟ್ಟಿಗೇ ಬಂದಿತ್ತು.

ತೊಂದರೆ ಬಂದದ್ದು ಆಯ್ತಪ್ಪನಿಗೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಯಾರು ಏನು ಕೇಳಿದರೂ "ಆಯ್ತು" ಎನ್ನುತ್ತಿದ್ದುದರಿಂದ ಊರು ಇಟ್ಟ ಹೆಸರು ಇದು. ಸುಮ್ಮನೆ ಕೂತಿದ್ದವನನ್ನು "ಏನಪ್ಪಾ, ಚೆನ್ನಾಗಿದ್ದೀಯಾ?" ಎಂದು ಕೇಳಿದರೂ "ಆಯ್ತು" ಎನ್ನುತ್ತಿದ್ದ.

ಆ ಊರಲ್ಲಿ ಕೂಲಿ ಕೊಟ್ಟು ಆಳು ಕರೆಯುವಷ್ಟು ಅನುಕೂಲ ಯಾರಿಗೂ ಇರಲಿಲ್ಲ. ಹೊಲ ಒಂದನ್ನೇ ನಂಬಿ ಉಣ್ಣುವವರೂ ಇರಲಿಲ್ಲ. ಒಬ್ಬ ಬಟ್ಟೆ ಹೊಲಿಯುತ್ತಿದ್ದ, ಒಬ್ಬಳು ಹಾಲು ಮಾರುತ್ತಿದ್ದಳು, ಒಬ್ಬ ಪಂಪು ರಿಪೇರಿ ಮಾಡುತ್ತಿದ್ದ. ಹೊಲ ಅನ್ನುವುದು ಮನೆಗೆ ಬಂದ ದೊಡ್ಡ ಮಾವನಿದ್ದ ಹಾಗೆ, ಮರ್ಯಾದೆ ಅದಕ್ಕೆ, ಸಂಪಾದನೆ ಬೇರೆಯವರದು. ಹಾಗಾಗಿ ಹೊಲದ ಕೆಲಸ ನಡೆಯುತ್ತಿದ್ದುದು ಮುಯ್ಯಿಯಲ್ಲಿ. ಇವತ್ತು ನಾನು ನಿನ್ನ ಹೊಲಕ್ಕೆ ಬರುತ್ತೇನೆ, ನಾಳೆ ನೀನು ನನ್ನ ಹೊಲಕ್ಕೆ ಬಾ. ಮಾತೇ ಸಾಕ್ಷಿ. ಮುಯ್ಯಿಗೆ ಒಪ್ಪಿ ತಪ್ಪಿಸಿಕೊಂಡವನ ಹೊಲಕ್ಕೆ ಮುಂದೆ ಕಾಗೆ ಕೂಡ ಇಳಿಯುವುದಿಲ್ಲ ಎನ್ನುತ್ತಿದ್ದರು.

ಆಯ್ತಪ್ಪ ಮೂರು ಮನೆಗೆ ಒಪ್ಪಿದ್ದ. ಮೂವರಿಗೂ ಒಂದೇ ಮಾತು: "ಮೊದಲ ಹದ ಬಿದ್ದ ದಿನ ನಿಮ್ಮ ಹೊಲಕ್ಕೇ."

ಇನ್ನೊಂದು ಮಾತನ್ನೂ ಕೊಟ್ಟಿದ್ದ, ಹೆಂಡತಿಗೆ. ಅವಳ ತಮ್ಮ ಪಟ್ಟಣದ ಹೊರಗೆ ಇಟ್ಟಿಗೆ ಗೂಡು ನಡೆಸುತ್ತಿದ್ದ. ಹಿಂದಿನ ವರ್ಷ ಹದ ತಪ್ಪಿ ಅರ್ಧ ಬೆಳೆ ಮಣ್ಣಲ್ಲೇ ಉಳಿದಾಗ ಅವಳು ಹೇಳಿದ್ದಳು: "ಮುಂದಿನ ಸಲವೂ ಬೆಳೆ ಕೈಗೆ ಬರದಿದ್ರೆ ನೀವು ನನ್ನ ತಮ್ಮನ ಗೂಡಿಗೆ ಕೆಲಸಕ್ಕೆ ಹೋಗ್ಬೇಕು." ಇವನು "ಆಯ್ತು" ಅಂದಿದ್ದ. ಭಾಮೈದ ಈ ಮಂಗಳವಾರ ಸಂಜೆಯೇ ಲಾರಿ ತೆಗೆದುಕೊಂಡು ಬರುವುದಿತ್ತು. ಸಂಜೆಯೊಳಗೆ ಬೆಳೆ ಮೇಲೆ ಬಂದಿದ್ದರೆ ಆಯ್ತಪ್ಪ ಊರಲ್ಲಿ, ಇಲ್ಲದಿದ್ದರೆ ಗೂಡಿನಲ್ಲಿ.

ಗೂಡೆಂದರೆ ಆಯ್ತಪ್ಪನಿಗೆ ಹೊಟ್ಟೆಯೊಳಗೆ ಬೆಂಕಿ. ಹಿಂದೆ ಒಮ್ಮೆ ಹೋಗಿ ನೋಡಿಕೊಂಡು ಬಂದಿದ್ದ. ಧೂಳು, ಹೊಗೆ, ಅದೆಲ್ಲ ಸರಿ. ಅದಕ್ಕಿಂತ ಹೆಚ್ಚಾಗಿ, ಅಲ್ಲಿ ಭಾಮೈದ ಕುರ್ಚಿಯಲ್ಲಿ ಕೂತಿರುತ್ತಾನೆ, ಭಾವ ನಿಂತಿರಬೇಕು. ಇಲ್ಲಿ ತನ್ನ ಬದುವಿನ ಮೇಲೆ ತಾನೇ ಕೂರಬಹುದು. ಕುರ್ಚಿಯಷ್ಟು ಮೆತ್ತಗಿಲ್ಲ, ಆದರೆ ಏಳು ಅನ್ನುವವರಿಲ್ಲ.

ಆ ನಸುಕಿನಲ್ಲಿ ಮೊದಲು ಬಾಗಿಲು ತಟ್ಟಿದ್ದು ಟೈಲರ್. ಹೊಲಕ್ಕೆ ಹೊರಟರೂ ಅವನ ಕುತ್ತಿಗೆಯಿಂದ ಅಳತೆ ಟೇಪು ಇಳಿಯುತ್ತಿರಲಿಲ್ಲ.

"ಲೇ ಆಯ್ತಪ್ಪ, ಎದ್ದೆಯೇನೋ? ನೆಲ ಬೆಣ್ಣೆ ಆಗಿದೆ ಬೆಣ್ಣೆ! ನಮ್ಮದು ಮೇಲಿನ ಹೊಲ, ಮರಳು, ಬಿಸಿಲು ಏರಿದ್ರೆ ಮುಗೀತು. ಬೇಗ ಬಾ."

"ಆಯ್ತು, ನೀನು ಹೋಗಿರು, ಹಿಂದೇನೇ ಬಂದೆ."

ಮುಖ ತೊಳೆಯಲು ಹಿತ್ತಲಿಗೆ ಹೋದರೆ ಬೇಲಿಯಾಚೆ ಹಾಲಕ್ಕ, ಕೈಯಲ್ಲಿ ಕರುವಿನ ಹಗ್ಗ.

"ತಮ್ಮಾ, ಮರ್ತಿಲ್ಲ ತಾನೇ? ಹಾಲು ಹಾಕಿ ಬರೋಷ್ಟರಲ್ಲಿ ನೀನು ಹೊಲದಲ್ಲಿರ್ಬೇಕು. ಇಲ್ಲಾಂದ್ರೆ ನಿನ್ನ ಮನೆ ಟೀಗೆ ನೀರೇ ಗತಿ."

"ಆಯ್ತಕ್ಕ."

ಬೀದಿಗೆ ಇಳಿದರೆ ಪಂಪು ರಿಪೇರಿಯ ಮೀಸೆ ಮಾವ. ಅವನ ಮೀಸೆ ಬೀದಿಯ ಮೂಲೆ ತಿರುಗಿ ಬಂದಮೇಲೆ ಅವನು ಬರುತ್ತಿದ್ದ. "ಅಳಿಯ, ಕಾಲುವೆ ಆಚೆ ಹೊಲ. ಗೊತ್ತಲ್ಲ?"

"ಆಯ್ತು ಮಾವ."

ಹೆಂಡತಿ ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಮೂರು ಜನಕ್ಕೂ ಆಯ್ತು ಅಂದ್ರಲ್ಲ, ನಿಮಗೆ ಎಷ್ಟು ಕಾಲು? ನಮ್ಮ ಹೊಲ ಯಾರು ಕೀಳ್ತಾರೆ?"

"ಎಲ್ಲಾ ಲೆಕ್ಕ ಹಾಕಿದ್ದೀನಿ ಕಣೇ."

"ಜೀವನದಲ್ಲಿ ಒಂದೇ ಒಂದು ಸಲ ಬಾಯಿಬಿಟ್ಟು 'ಆಗೋಲ್ಲ' ಅನ್ನಿ. ಊರೇನೂ ಮುಳುಗಿ ಹೋಗೋಲ್ಲ."

"ಆಯ್ತು," ಅಂದ ಆಯ್ತಪ್ಪ.

ನಿಜಕ್ಕೂ ಅವನಲ್ಲಿ ಒಂದು ಉಪಾಯವಿತ್ತು, ಆ ಉಪಾಯದ ಮೇಲೆ ಬೆಟ್ಟದಷ್ಟು ನಂಬಿಕೆಯೂ ಇತ್ತು. ಕಡಲೆಕಾಯಿ ಕೀಳುವವನು ಬಗ್ಗಿಯೇ ಇರುತ್ತಾನೆ. ಬಗ್ಗಿದ ಮನುಷ್ಯ ದೂರಕ್ಕೆ ಕಾಣುವುದೆಷ್ಟು? ತಲೆಗೆ ಸುತ್ತಿದ ಟವೆಲು, ಬೆನ್ನಿನ ಅಂಗಿ, ಅಷ್ಟೇ. ಟವೆಲು ಒಂದು ಹೊಲದಲ್ಲಿ, ಅಂಗಿ ಒಂದು ಹೊಲದಲ್ಲಿ, ಮನುಷ್ಯ ಇನ್ನೊಂದರಲ್ಲಿ ಇದ್ದರೆ ಮೂರು ಕಡೆಯೂ ಮರ್ಯಾದೆ ಉಳಿಯುತ್ತದೆ. ಆಮೇಲೆ ಮೆಲ್ಲಗೆ ಜಾರಿ ತನ್ನ ಹೊಲಕ್ಕೆ.

ಮೊದಲು ಟೈಲರ್ ಹೊಲ. ಎಲ್ಲರಿಗೂ ಕಾಣುವ ಹಾಗೆ ಎರಡು ಸಾಲು ಭರಭರನೆ ಕಿತ್ತ. ಆಮೇಲೆ "ಆ ಮೂಲೆಯಿಂದ ಬರ್ತೀನಿ" ಎಂದು ಕೂಗಿ, ಮೂಲೆಯ ಪೊದೆಯ ಹಿಂದೆ ಕೋಲು ನೆಟ್ಟು, ಅದಕ್ಕೆ ಟವೆಲು ಸುತ್ತಿ, ಬದುವಿನ ಮರೆಯಲ್ಲಿ ತೆವಳಿಕೊಂಡು ಕೆಳಗಿಳಿದ.

ಹಾಲಕ್ಕನ ಹೊಲದಲ್ಲೂ ಅದೇ. ಎರಡು ಸಾಲು ಕಿತ್ತು, "ಅಕ್ಕಾ, ಬೇಲಿ ಕಡೆಯಿಂದ ಶುರು ಮಾಡ್ತೀನಿ" ಎಂದು ಹೋಗಿ, ಅಂಗಿ ಬಿಚ್ಚಿ ಒಂದು ಮೋಟು ಗಿಡಕ್ಕೆ ತೊಡಿಸಿದ. ಗಾಳಿಗೆ ಅಂಗಿ ಆಡುವುದನ್ನು ನೋಡಿ ಅವನಿಗೇ ತನ್ನ ದುಡಿಮೆಯ ಬಗ್ಗೆ ಹೆಮ್ಮೆಯಾಯಿತು.

ಕಾಲುವೆ ದಾಟಿ ಮೀಸೆ ಮಾವನ ಹೊಲಕ್ಕೆ ಬಂದಾಗ ಮೈಮೇಲೆ ಉಳಿದಿದ್ದುದು ಮಂಡಿಯವರೆಗಿನ ಚಡ್ಡಿ, ಬಟ್ಟೆಗಿಂತ ತೂತೇ ಹೆಚ್ಚಿದ್ದ ಬನಿಯನ್ನು.

"ಏನಳಿಯ, ಹೀಗೆ?"

"ಸೆಕೆ ಮಾವ."

"ಬೆಳಗಿನ ಜಾವದ ಚಳಿಗೆ ನನ್ನ ಮೀಸೆ ನಡುಗ್ತಿದೆ, ನಿನಗೆ ಸೆಕೆಯೇ? ದುಡಿಯೋ ಮೈ ಅಂದ್ರೆ ಇದು!"

ಮೇಲಿನ ಹೊಲದಲ್ಲಿ ಟೈಲರ್ ಟವೆಲಿನ ಜೊತೆ ಮಾತಿಗೆ ಇಳಿದಿದ್ದ. ಕೈ ಕೀಳುತ್ತಿದ್ದರೆ ಬಾಯಿ ಸುಮ್ಮನಿರಬಾರದು ಅನ್ನುವವನು ಅವನು. "ನೋಡೋ ಆಯ್ತಪ್ಪ, ಈಗೆಲ್ಲ ರೆಡಿಮೇಡು ತಗೋತಾರೆ. ನನ್ನ ಹತ್ರ ಬರೋದು ಹರಿದಿದ್ದು, ಬಿಗಿಯಾಗಿದ್ದು. ಹೊಸ ಬಟ್ಟೆ ಹೊಲಿದು ಎಷ್ಟು ಕಾಲ ಆಯ್ತು ಗೊತ್ತಾ? ಮಿಷನ್ನು ಮಾರಿಬಿಡಲಾ ಅನ್ಸುತ್ತೆ. ಏನಂತೀಯ?" ಟವೆಲು ಏನೂ ಅನ್ನಲಿಲ್ಲ. "ನೀನು ಒಬ್ಬನೇ ಕಣೋ, ನನ್ನ ಮಾತು ಪೂರ್ತಿ ಕೇಳೋನು," ಎಂದು ಟೈಲರ್ ಕಣ್ಣೊರೆಸಿಕೊಂಡ.

ಉಪಾಯ ಇನ್ನೂ ಎಷ್ಟು ಹೊತ್ತು ನಡೆಯುತ್ತಿತ್ತೋ. ಕೆಡಿಸಿದ್ದು ಹಾಲಕ್ಕನ ಕರು.

ಅವಳು ಕರುವನ್ನು ಬೇಲಿಗೆ ಕಟ್ಟಿದ್ದಳು. ಕರುವಿಗೆ ಅಂಗಿಯ ಬೆವರಿನ ಉಪ್ಪು ರುಚಿಸಿತು. ತೋಳು ನೆಕ್ಕಿತು, ಕಾಲರು ಅಗಿಯಿತು, ಆಮೇಲೆ ಇನ್ನೂ ಒಳಗೆ ಏನೋ ಇದೆಯೆಂದು ತಲೆ ತೂರಿಸಿತು. ಅಂಗಿ ಕುತ್ತಿಗೆಗೆ ಸಿಕ್ಕಿಕೊಂಡಿತು. ಬೆದರಿದ ಕರು ಹಗ್ಗ ಹರಿದುಕೊಂಡು ಓಟ ಕಿತ್ತಿತು.

ಹಾಲಕ್ಕ ತಲೆಯೆತ್ತಿ ನೋಡಿದರೆ ಆಯ್ತಪ್ಪನ ಅಂಗಿ ನಾಲ್ಕು ಕಾಲಲ್ಲಿ ಬದು ಹಾರುತ್ತಿದೆ. "ಅಯ್ಯೋ ನನ್ನ ಕರು! ತಮ್ಮಾ, ಹಿಡಿಯೋ!" ಎಂದು ಬೇಲಿಯತ್ತ ಓಡಿದಳು. ಅಲ್ಲಿ ಮೋಟು ಗಿಡ ಮಾತ್ರ ಬರಿಮೈಯಲ್ಲಿ ನಿಂತಿತ್ತು.

ಕರು ಮೇಲಿನ ಹೊಲಕ್ಕೆ ನುಗ್ಗಿ ಪೊದೆಗೆ ಢಿಕ್ಕಿ ಹೊಡೆಯಿತು. ಟವೆಲು ಸುತ್ತಿದ ಕೋಲು ನೆಲಕ್ಕೆ ಉರುಳಿತು.

"ಅಯ್ಯಯ್ಯೋ, ಆಯ್ತಪ್ಪ ಬಿದ್ದ!" ಟೈಲರ್ ಕೂಗಿಕೊಂಡು ಓಡಿದ. ಬಗ್ಗಿ ಪ್ರೀತಿಯಿಂದ ತಲೆ ಎತ್ತಲು ಹೋದ. ಕೈಗೆ ಕೋಲು ಬಂತು. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ತನ್ನ ಮನೆಯ ಗುಟ್ಟನ್ನೆಲ್ಲ ಯಾರಿಗೆ ಹೇಳಿಕೊಂಡೆ ಎಂದು ಅರ್ಥವಾಗುತ್ತಲೇ ಅವನ ಮುಖ ಇಸ್ತ್ರಿ ಪೆಟ್ಟಿಗೆಯಷ್ಟು ಬಿಸಿಯಾಯಿತು.

ಇತ್ತ ಕಾಲುವೆಯಾಚೆ ಮೀಸೆ ಮಾವ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ನಿಧಾನವಾಗಿ ಹೇಳಿದ: "ಅಳಿಯ, ನಿನ್ನ ಅಂಗಿ ಬರ್ತಾ ಇದೆ. ಹಿಂದೆ ಹಾಲಕ್ಕ ಬರ್ತಿದ್ದಾಳೆ. ಅವಳ ಹಿಂದೆ ಟೈಲರ್, ಕೈಯಲ್ಲಿ ಕೋಲು. ಮನೇಲಿ ಏನಾದ್ರೂ ವಿಶೇಷವಾ?"

ಆಯ್ತಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಭೂಮಿ ಹದವಾಗಿತ್ತೇ ಹೊರತು ಅಷ್ಟು ಮೆತ್ತಗಿರಲಿಲ್ಲ.

"ಇವತ್ತು ಇವನು ನನ್ನ ಆಳು!" ಟೈಲರ್ ಬಲಗೈ ಹಿಡಿದ.

"ನನ್ನ ಆಳು! ನನ್ನ ಕರುವಿಗೆ ಅಂಗಿ ತಿನ್ನಿಸಿದ ಪಾಪಿ!" ಹಾಲಕ್ಕ ಎಡಗೈ ಹಿಡಿದಳು.

"ಅಂಗಿ ನಿಮ್ಮದು, ಟವೆಲು ನಿಮ್ಮದು. ಮನುಷ್ಯ ಇರೋದು ನನ್ನ ಹೊಲದಲ್ಲಿ," ಮೀಸೆ ಮಾವ ಸೊಂಟ ಹಿಡಿದ.

ಮೂರು ಹೊಲಕ್ಕೂ ಮುಯ್ಯಿಗೆ ಬಂದಿದ್ದವರು ಕೆಲಸ ಬಿಟ್ಟು ಸುತ್ತ ಸೇರಿದರು. ಪುಕ್ಕಟೆ ನಾಟಕ ಯಾರಿಗೆ ಬೇಡ? ಬನಿಯನ್ನಿನ ಉಳಿದ ಬಟ್ಟೆಯೂ ತೂತಿನ ಪಕ್ಷಕ್ಕೆ ಸೇರುವುದರಲ್ಲಿತ್ತು. ಆ ಹೊತ್ತಿಗೆ ಬುತ್ತಿ ಹೊತ್ತುಕೊಂಡು ಹೆಂಡತಿ ಬಂದಳು. ಬುಟ್ಟಿ ಇಳಿಸಿ, ಗಂಡನನ್ನು ನೋಡದೆ ಆಕಾಶ ನೋಡಿದಳು.

"ಎಳೆದಾಡಿ, ಚೆನ್ನಾಗಿ ಎಳೆದಾಡಿ. ಬಿಸಿಲು ಏರ್ತಾ ಇದೆ. ಟೈಲರಣ್ಣ, ನಿಮ್ಮದು ಮರಳು. ಮೊದಲು ಬಿಗಿಯೋದು ನಿಮ್ಮ ಹೊಲಾನೇ."

ಟೈಲರ್ ಕೈ ಬಿಟ್ಟ.

"ಎಲ್ಲಾ ಸೇರಿ ಮೊದಲು ಮೇಲಿನ ಹೊಲ ಕಿತ್ತುಬಿಡಿ. ಆಮೇಲೆ ಹಾಲಕ್ಕಂದು. ಮೀಸೆ ಮಾವಂದು ಕಾಲುವೆ ಪಕ್ಕ, ಮಧ್ಯಾಹ್ನದವರೆಗೂ ತಡೆಯುತ್ತೆ. ನಮ್ಮದು ತಗ್ಗು, ಎರೆಮಣ್ಣು. ಸಂಜೆಗೂ ಹದ ಇರುತ್ತೆ. ಕೊನೆಗೆ ನಮ್ಮದು."

"ಅದೆಲ್ಲ ಸರಿ ಕಣಮ್ಮ," ಮೀಸೆ ಮಾವ ಮೀಸೆ ತಿರುವಿದ, "ನಮ್ಮ ನಮ್ಮದು ಮುಗಿದಮೇಲೆ ನಿಮ್ಮ ಹೊಲಕ್ಕೆ ನಾವ್ಯಾಕೆ ಬಗ್ಗಬೇಕು? ನಿನ್ನ ಗಂಡ ನಮಗೆ ಕಿತ್ತಿದ್ದು ಎರಡೆರಡು ಸಾಲು."

ಅಷ್ಟರಲ್ಲಿ ಆಯ್ತಪ್ಪ ಬದು ಹತ್ತಿದ. ಕಣ್ಣ ಮುಂದೆ ಗೂಡಿನ ಹೊಗೆ, ಕುರ್ಚಿ, ಕುರ್ಚಿಯಲ್ಲಿ ಭಾಮೈದ.

"ಬನ್ನಿ! ಇವತ್ತು ನನ್ನ ಹೊಲಕ್ಕೆ ಕೈ ಹಾಕಿದ ಒಬ್ಬೊಬ್ಬರಿಗೂ ಮುಯ್ಯಿ ತೀರಿಸ್ತೀನಿ! ಹೇಳಿದ ದಿನ ಬರ್ತೀನಿ, ಹೇಳಿದ ಕೆಲಸ ಮಾಡ್ತೀನಿ, ಹೇಳಿದಷ್ಟು ದಿನ ಮಾಡ್ತೀನಿ! ತಪ್ಪಿದ್ರೆ ನನ್ನ ಹೊಲಕ್ಕೆ ಕಾಗೆ ಕೂಡ ಇಳಿಯದಿರಲಿ!"

ಜನ ಮುಖ ಮುಖ ನೋಡಿಕೊಂಡರು. ಇಂಥ ಮಾತು ಅವರು ಎಂದೂ ಕೇಳಿರಲಿಲ್ಲ. "ಆಯ್ತಪ್ಪಾ!" ಎಂದರು ಒಟ್ಟಿಗೆ.

ಹೆಂಡತಿ ಅವನ ತೋಳು ಚಿವುಟಿದಳು. "ಹೇಳಿದಷ್ಟು ದಿನ ಅಂತ ಯಾಕ್ರೀ ಅಂದ್ರಿ?"

"ಮಾತು ಹದವಾಗಿತ್ತು ಕಣೇ, ಎಳೆದಾಗ ಬುಡಸಮೇತ ಬಂದುಬಿಡ್ತು."

ಆಮೇಲೆ ನಡೆದ ಕೆಲಸವನ್ನು ಊರಿನ ಹಳಬರು ಈಗಲೂ ನೆನೆಯುತ್ತಾರೆ. ಅಷ್ಟೂ ಜನ ಒಂದೇ ಸಾಲಿನಲ್ಲಿ ಬಗ್ಗಿ ಮೇಲಿನ ಹೊಲವನ್ನು ಬಾಚಣಿಗೆ ಆಡಿಸಿದ ಹಾಗೆ ಬಾಚಿದರು. ಮುಂದೆ ಅವಳು. ಯಾರು ಕೀಳಬೇಕು, ಯಾರು ಮಣ್ಣು ಕೊಡವಬೇಕು, ಯಾರು ಕಂತೆ ಹೊರಬೇಕು, ಎಲ್ಲ ಅವಳದೇ ಮಾತು. "ಟೈಲರಣ್ಣ, ಅಳತೆ ಸಾಕು, ಕೈ ಆಡಿಸಿ." "ಮಾವ, ಮೀಸೆ ಬಿಟ್ಟು ಗಿಡ ಹಿಡೀರಿ." ಬೈಸಿಕೊಂಡವರೂ ನಗುತ್ತಿದ್ದರು. ಹಾಲಕ್ಕನ ಹೊಲ ಮುಗಿಯುವ ಹೊತ್ತಿಗೆ ಎಲ್ಲರಿಗೂ ಒಂದು ಬಗೆಯ ಹುಮ್ಮಸ್ಸು ಬಂದು, ಪಕ್ಕದ ಹೊಲಗಳವರೂ ತಮ್ಮದು ಮುಗಿಸಿ ಬಂದು ಸೇರಿದರು. ಗಿಡ ಕಿತ್ತಾಗ ಬುಡದ ತುಂಬ ಕಾಯಿ ಗೊಂಚಲು ಗೊಂಚಲಾಗಿ ತೂಗುತ್ತಿತ್ತು. ಮಣ್ಣಲ್ಲಿ ಒಂದೂ ಉಳಿಯಲಿಲ್ಲ.

ಹೊತ್ತು ಇಳಿದಾಗ ತಗ್ಗಿನ ಹೊಲ. ಅವಳು ಹೇಳಿದ ಹಾಗೆಯೇ ಎರೆಮಣ್ಣು ಹದ ಹಿಡಿದುಕೊಂಡಿತ್ತು. ಆಯ್ತಪ್ಪ ತನ್ನ ಹೊಲದ ಕೊನೆಯ ಗಿಡವನ್ನು ತಾನೇ ಕಿತ್ತು, ರಾಶಿಯ ಮೇಲೆ ಎಸೆದು, ಬದುವಿನ ಮೇಲೆ ಕೂತ. ಆ ಬದು ಅವತ್ತಿನಷ್ಟು ಮೆತ್ತಗೆ ಎಂದೂ ಇರಲಿಲ್ಲ.

ರಸ್ತೆಯಲ್ಲಿ ಲಾರಿಯ ಹಾರನ್ನು ಕೇಳಿಸಿತು.

ಭಾಮೈದ ಇಳಿದು ಬಂದ. ಇಟ್ಟಿಗೆ ಬಣ್ಣದ ಅಂಗಿ, ಇಟ್ಟಿಗೆ ಬಣ್ಣದ ಮುಖ, ಜೇಬಲ್ಲಿ ಇಟ್ಟಿಗೆಯಷ್ಟೇ ದೊಡ್ಡ ಫೋನು.

"ಭಾವ, ಹೊರಡೋಣ್ವಾ? ಗೂಡಿಗೆ ಬೆಂಕಿ ಹಾಕೋ ಕಾಲ ಬಂತು. ಅಕ್ಕ ಎಲ್ಲ ಹೇಳಿದ್ದಾಳೆ. ನೀವಂತೂ ಆಯ್ತು ಅಂತೀರ, ಅದು ಗೊತ್ತು."

ಆಯ್ತಪ್ಪ ಎದ್ದು ನಿಂತ. ಬನಿಯನ್ನು ಎಳೆದು ಸರಿಮಾಡಿಕೊಂಡ. ಒಮ್ಮೆ ರಾಶಿ ನೋಡಿದ, ಒಮ್ಮೆ ಹೆಂಡತಿಯನ್ನು ನೋಡಿದ.

"ಆಗೋಲ್ಲ," ಅಂದ.

ಕಂತೆ ಹೊತ್ತವರು ಹೊತ್ತಂತೆಯೇ ನಿಂತರು. ಹಾಲಕ್ಕನ ಕರು ಕೂಡ ಮೆಲುಕು ನಿಲ್ಲಿಸಿತು. ಆ ಬಾಯಲ್ಲಿ ಆ ಮಾತು ಬಂದದ್ದನ್ನು ಅದುವರೆಗೆ ಕೇಳಿದವರು ಯಾರೂ ಇರಲಿಲ್ಲ.

"ನನ್ನ ಬೆಳೆ ಮೇಲೆ ಬಂದಿದೆ ಭಾಮೈದ. ನಾನು ರೈತ. ನನ್ನ ಹೊಲ ಬಿಟ್ಟು ನಾನೆಲ್ಲಿಗೂ ಬರೋಲ್ಲ. ಆಗೋಲ್ಲ ಅಂದ್ರೆ ಆಗೋಲ್ಲ!"

ಟೈಲರ್ ಚಪ್ಪಾಳೆ ತಟ್ಟಿದ. ಆಯ್ತಪ್ಪನ ಎದೆ ಎಷ್ಟು ಉಬ್ಬಿತೆಂದರೆ ಬನಿಯನ್ನಿಗೆ ಇನ್ನೊಂದು ತೂತು ಬಿತ್ತು.

ಭಾಮೈದ ಬೇಜಾರು ಮಾಡಿಕೊಳ್ಳಲಿಲ್ಲ. ಅವನ ಕಣ್ಣು ಭಾವನ ಮೇಲಿರಲೇ ಇಲ್ಲ. ಕಿತ್ತು ಮುಗಿದ ನಾಲ್ಕು ಹೊಲಗಳನ್ನೂ, ಸಾಲಾಗಿ ನಿಂತ ರಾಶಿಗಳನ್ನೂ, ಅಷ್ಟು ದುಡಿದೂ ನಗುತ್ತಾ ನಿಂತಿದ್ದ ಜನರನ್ನೂ ಒಂದೊಂದಾಗಿ ನೋಡುತ್ತಿದ್ದ.

"ಇದೆಲ್ಲ ಇವತ್ತು ಒಂದೇ ದಿನದಲ್ಲಾ?"

"ಬಿಸಿಲು ಏರೋ ಹೊತ್ತಿಗೆ ಶುರು ಮಾಡಿದ್ದು," ಅಂದ ಮೀಸೆ ಮಾವ ಹೆಮ್ಮೆಯಿಂದ.

"ಮಾಡಿಸಿದ್ದು ಯಾರು?"

ಎಲ್ಲರ ಬೆರಳೂ ಒಂದೇ ಕಡೆ ಹೋಯಿತು.

"ಅಕ್ಕಾ," ಭಾಮೈದ ಅವಳ ಕಡೆ ತಿರುಗಿದ, "ಭಾವ ಬರದಿದ್ರೆ ಬೇಡ ಬಿಡು. ಅವರನ್ನ ಕರೆಯೋಕೆ ಬಂದಿದ್ದೇ ನೀನು ಹೇಳಿದ್ದೆ ಅಂತ. ನನಗೆ ಬೇಕಾಗಿರೋದು ಇಂಥ ಒಂದು ತಂಡ, ತಂಡ ನಡೆಸೋ ಒಬ್ಬ ಮೇಸ್ತ್ರಿ. ವಾರ ವಾರ ಕೂಲಿ. ಇರೋಕೆ ಮನೆ ಕೊಡ್ತೀನಿ. ಮುಂದಿನ ಬಿತ್ತನೆವರೆಗೆ ಬನ್ನಿ. ಹೊಲ ಖಾಲಿ ಇಟ್ಕೊಂಡು ಇಲ್ಲೇನು ಮಾಡ್ತೀರಿ?"

ವಾರ ವಾರ ಕೂಲಿ ಅನ್ನುವ ಮಾತು ಜನರ ನಡುವೆ ಕಡಲೆಕಾಯಿ ಹುರಿದ ವಾಸನೆಯ ಹಾಗೆ ಹರಡಿತು. ಟೈಲರಿಗೆ ಹರಿದ ಬಟ್ಟೆಗಳ ರಾಶಿ ನೆನಪಾಯಿತು. ಮೀಸೆ ಮಾವನಿಗೆ, ಮಳೆಗಾಲ ಮುಗಿದು ಕಾಲುವೆ ಬತ್ತಿದರೆ ರಿಪೇರಿಗೆ ಪಂಪೇ ಇರುವುದಿಲ್ಲ ಎಂದು ನೆನಪಾಯಿತು.

"ಹೋಗಬಹುದು ಕಣ್ರೀ," ಅಂದ ಟೈಲರ್. "ಆದ್ರೆ ಕಿತ್ತ ಕಾಯಿ? ಒಣಗಿಸಬೇಕು, ಬಿಡಿಸಬೇಕು, ಇಲಿ ಬರದ ಹಾಗೆ ನೋಡ್ಕೋಬೇಕು."

"ನನ್ನ ಹಸು? ಎರಡು ಹೊತ್ತು ಹಾಲು ಕರೀಬೇಕು," ಅಂದಳು ಹಾಲಕ್ಕ.

"ನಮ್ಮಪ್ಪನಿಗೆ ಬಿಸಿನೀರು ಕಾಯಿಸಿ ಕೊಡ್ಬೇಕು. ಬೆಚ್ಚಗಿದ್ರೆ ಬೈತಾನೆ, ಸುಟ್ಟರೆ ಹೊಡೀತಾನೆ," ಅಂದ ಮೀಸೆ ಮಾವ.

ಆಮೇಲೆ, ಯಾರೂ ಯಾರಿಗೂ ಹೇಳಿಕೊಡದಿದ್ದರೂ, ಎಲ್ಲರ ತಲೆಯೂ ಮೆಲ್ಲಗೆ ಬದುವಿನ ಕಡೆ ತಿರುಗಿತು.

"ಅಳಿಯ," ಮೀಸೆ ಮಾವನ ದನಿ ಜೇನಾಗಿತ್ತು, "ಬೆಳಗ್ಗೆ ಏನೋ ಅಂದೆಯಲ್ಲ? ಹೇಳಿದ ದಿನ..."

"ಹೇಳಿದ ಕೆಲಸ," ಅಂದಳು ಹಾಲಕ್ಕ.

"ಹೇಳಿದಷ್ಟು ದಿನ," ಅಂದ ಟೈಲರ್, ಟೇಪನ್ನು ಉದ್ದಕ್ಕೆ ಎಳೆದು ತೋರಿಸುತ್ತಾ.

ಆಯ್ತಪ್ಪ ಹೆಂಡತಿಯ ಕಡೆ ನೋಡಿದ. ಅವಳು ಬುತ್ತಿ ಬುಟ್ಟಿ ಎತ್ತಿಕೊಳ್ಳುತ್ತಿದ್ದಳು.

"ನೀನೂನಾ?"

"ಮೇಸ್ತ್ರಿ ಇಲ್ಲದೆ ತಂಡ ಹೋಗುತ್ತಾ? ಬೆಳೆ ನಿಮ್ಮದು, ಒಪ್ಪಿದೆ. ಕೂಲಿಯಾದ್ರೂ ನನ್ನದಾಗ್ಲಿ. ನಿಮಗೆ ಬೇಡ ಅಂದ್ರೆ ಹೇಳಿಬಿಡಿ, ನಾನೇ ತಮ್ಮನಿಗೆ ಬರೋಲ್ಲ ಅಂತೀನಿ."

ಹೇಳಬಹುದಿತ್ತು. ಒಮ್ಮೆ ಅಭ್ಯಾಸವೂ ಆಗಿತ್ತು. ಬಾಯಿ ತೆರೆದ; ನಾಲಿಗೆ 'ಆ' ಅನ್ನುವವರೆಗೆ ಬಂತು, ಅಲ್ಲಿಂದ ಮುಂದೆ ದಾರಿ ತಪ್ಪಿ ಹಳೆಯ ದಾರಿಗೇ ಹೊರಳಿತು.

"ಆಯ್ತು," ಅಂದ.

ಬುಧವಾರವೆಲ್ಲ ಗಂಟು ಕಟ್ಟುವುದರಲ್ಲಿ ಕಳೆಯಿತು. ಗುರುವಾರ ಬೆಳಗ್ಗೆ ಲಾರಿ ಹೊರಟಾಗ ಆಯ್ತಪ್ಪ ಹಾಲಕ್ಕನ ಹಸು ಕರೆದು ಮುಗಿಸಿ, ಮೀಸೆ ಮಾವನ ಅಪ್ಪನಿಗೆ ನೀರು ಕಾಯಿಸಿ, ಬೈಸಿಕೊಂಡು, ಟೈಲರ್ ಹೊಲದ ಕಾಯಿಯನ್ನು ಬಿಸಿಲಿಗೆ ಹರವುತ್ತಿದ್ದ. ಹೆಂಡತಿ ಲಾರಿಯ ಮುಂದೆ, ಡ್ರೈವರ್ ಪಕ್ಕದಲ್ಲಿ ಕೂತಿದ್ದಳು. ಅದು ಮೆತ್ತನೆಯ ಸೀಟು. ಕಿಟಕಿಯಿಂದ ಅವಳು ಅವನ ಅಂಗಿಯನ್ನು ಎಸೆದಳು. ಒಗೆದಿದ್ದಳು, ಕರು ತಿಂದಷ್ಟಕ್ಕೆ ಟೈಲರ್ ತೇಪೆ ಹಾಕಿಕೊಟ್ಟಿದ್ದ.

"ಒಂದೇ ಸಲ ಆಗೋಲ್ಲ ಅಂದೆ," ಎಂದ ಆಯ್ತಪ್ಪ ಪಕ್ಕದಲ್ಲಿ ನಿಂತಿದ್ದ ಕರುವಿಗೆ. "ಊರು ಮುಳುಗೋಲ್ಲ ಅಂದಿದ್ದಳು. ನಿಜ, ಮುಳುಗಲಿಲ್ಲ. ಲಾರಿ ಹತ್ತಿ ಹೋಯಿತು."

ಕರು ಅಂಗಿಯ ಕಾಲರನ್ನು ಮೂಸಿತು.

ಹೊರಟವರು ಟೈಲರ್, ಹಾಲಕ್ಕ, ಮೀಸೆ ಮಾವ, ಇನ್ನೂ ಮನೆಗೊಬ್ಬರು, ಮತ್ತು ಮೇಸ್ತ್ರಿ. ಉಳಿದದ್ದು ಮುದುಕರು, ಮಕ್ಕಳು, ದನ, ಕೋಳಿ, ಮತ್ತು ಆಯ್ತಪ್ಪ. ಹೊರಟ ವಾರ ಗುರುವಾರ.